ಗೂಟ, ಹಗ್ಗ, ಮರದ ಹುಡಿ: ಬೆಟ್ಟು ಗದ್ದೆಗೆ ಬಂದ ಸಣ್ಣ ಸರ್ಕಸ್

(ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಒಂದು ಗ್ರಂಥಾಲಯದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಈ ಸಭೆಯಲ್ಲಿ ಐವತ್ತು ದಾಟಿದವರು ಅನೇಕರಿದ್ದೀರಿ. ನಿಮ್ಮಲ್ಲಿ ಕೆಲವರು ಹುಡುಗರಾಗಿದ್ದಾಗ ಸರ್ಕಸ್ಸಿನವರಿಗೆ ನೀರು ಹೊತ್ತಿದ್ದೀರಿ, ನೋಟೀಸು ಹಂಚಿದ್ದೀರಿ, ಅದಕ್ಕೆ ಬದಲಾಗಿ ಸಿಕ್ಕಿದ ಪಾಸು ಹಿಡಿದು ನೆಲದಲ್ಲಿ ಕುಳಿತು ಆಟ ನೋಡಿದ್ದೀರಿ. ದುಡ್ಡು ಕೊಟ್ಟು ಗ್ಯಾಲರಿ ಹತ್ತಿದವರು ಕಂಡದ್ದು ಎರಡು ಗಂಟೆಯ ಆಟ. ಹುಡುಗರಿಗೆ ಕಂಡದ್ದು ಉಳಿದ ಇಪ್ಪತ್ತೆರಡು ಗಂಟೆ. ಆ ಹೊತ್ತಿನಲ್ಲಿ ಏನೇನು ನಡೆಯುತ್ತಿತ್ತು, ಯಾಕೆ ಹಾಗೆಯೇ ಮಾಡಬೇಕಿತ್ತು, ಎಲ್ಲಿ ತಪ್ಪುತ್ತಿತ್ತು ಎಂಬುದಷ್ಟೇ ಇವತ್ತಿನ ವಿಷಯ.

ಚರಿತ್ರೆಯನ್ನು ಚುಟುಕಾಗಿ ಮುಗಿಸುತ್ತೇನೆ. ಭಾರತದ ಮೊದಲ ಸರ್ಕಸ್ ಕಟ್ಟಿದವರು ವಿಷ್ಣುಪಂತ ಛತ್ರೆ. 1880ರಲ್ಲಿ ಅವರ ಆಟ ಶುರುವಾಯಿತು. ನಮ್ಮಿಂದ ತೆಂಕಲಿಗೆ, ಕಣ್ಣೂರು ದಾಟಿದರೆ ಸಿಗುವ ತಲಶ್ಶೇರಿಯಲ್ಲಿ ಕೀಲೇರಿ ಕುಞಿಕಣ್ಣನ್ ಎಂಬ ವ್ಯಾಯಾಮ ಶಿಕ್ಷಕರು 1901ರಲ್ಲಿ ಚಿರಕ್ಕರ ಎಂಬಲ್ಲಿ ಸರ್ಕಸ್ ಕಲಿಸುವ ಶಾಲೆ ತೆರೆದರು. ದೇಶದ ದೊಡ್ಡ ದೊಡ್ಡ ಕಂಪೆನಿಗಳಿಗೆ ಜನ ಹೋದದ್ದು ಆ ಊರಿನಿಂದಲೇ. ದೊಡ್ಡ ಕಂಪೆನಿಗೆ ರೈಲು ನಿಲ್ಲುವ ಪೇಟೆ ಬೇಕು, ಎಕರೆಗಟ್ಟಲೆ ಮೈದಾನ ಬೇಕು. ಕುಂಬಳೆಯಿಂದ ಒಳಗೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆಗೆ ಬಂದದ್ದು ಬೇರೆ ಎರಡು ಜಾತಿ. ಒಂದು, ಇಪ್ಪತ್ತು ಮೂವತ್ತು ಜನರ, ಒಂದೇ ನಡುಗಂಬದ ಡೇರೆ ಸರ್ಕಸ್. ಇನ್ನೊಂದು, ತಲೆಯ ಮೇಲೆ ಸೂರೂ ಇಲ್ಲದ ಸೈಕಲ್ ಸರ್ಕಸ್. ಮಲಯಾಳದವರು ಅದಕ್ಕೆ ಸೈಕಲ್ ಯಜ್ಞ ಅಂತ ದೊಡ್ಡ ಹೆಸರು ಕೊಟ್ಟರು.

ಮೊದಲು ನೆಲ. ನಮ್ಮಲ್ಲಿ ಎತ್ತರದಿಂದ ತಗ್ಗಿಗೆ ಬೆಟ್ಟು, ಮಜಲು, ಬೈಲು ಅಂತ ಗದ್ದೆಯಲ್ಲಿ ಮೂರು ಬಗೆ. ಬೆಟ್ಟು ಗದ್ದೆಗೆ ಒಂದೇ ಬೆಳೆ. ಏಣೆಲು, ಅಂದರೆ ಮಳೆಗಾಲದ ಬೆಳೆ, ಕೊಯ್ದ ಮೇಲೆ ನವೆಂಬರಿನಿಂದ ಅದು ಖಾಲಿ. ಮಜಲು ಖಾಲಿಯಾಗುವುದು ಎರಡನೆಯ ಬೆಳೆಯಾದ ಸುಗ್ಗಿಯ ಕೊಯ್ಲಿನ ನಂತರ. ಬೈಲಿನಲ್ಲಿ ಮೂರನೆಯ ಬೆಳೆ ಕೊಳಕೆಯೂ ಇರುವುದರಿಂದ ಅದರ ಆಸೆಯೇ ಬೇಡ. ಹಾಗಾಗಿ ಸರ್ಕಸ್ಸಿನವರ ಕ್ಯಾಲೆಂಡರೂ ಡೇರೆ ಮೇಳದ ಯಕ್ಷಗಾನದವರ ಕ್ಯಾಲೆಂಡರೂ ಹೆಚ್ಚುಕಡಿಮೆ ಒಂದೇ: ದೀಪಾವಳಿ ಕಳೆದು ಶುರು, ಮೇ ಕೊನೆಯಲ್ಲಿ ಬರುವ ಪತ್ತನಾಜೆಗೆ ಮುಗಿತಾಯ. ಒಂದೇ ಗದ್ದೆಗೆ ಇಬ್ಬರೂ ಬಂದರೆ ಯಜಮಾನರು ಮೇಳಕ್ಕೇ ಕೊಡುತ್ತಿದ್ದರು. ಮೇಳ ಒಂದೇ ರಾತ್ರಿಗೆ ಎದ್ದು ಹೋಗುತ್ತದೆ, ಸರ್ಕಸ್ ಹತ್ತು ದಿನ ಕೂರುತ್ತದೆ.

ಗದ್ದೆ ಸಿಗದಿದ್ದರೆ ಪದವು, ಅಂದರೆ ಗುಡ್ಡದ ಮೇಲಿನ ಕೆಂಪು ಮುರಕಲ್ಲಿನ ಬಯಲು. ನೋಡಲು ವಿಶಾಲ, ಸಮತಟ್ಟು, ಬಾಡಿಗೆಯೂ ಕಡಿಮೆ. ಆದರೆ ಡೇರೆ ನಿಲ್ಲುವುದು ಕಂಬದ ಬಲದಿಂದ ಅಂತ ನಾವು ತಿಳಿದುಕೊಂಡಿರುತ್ತೇವೆ. ಅದನ್ನು ನಿಲ್ಲಿಸುವುದು ಗೂಟ. ಮುರಕಲ್ಲಿನ ಪದವಿನಲ್ಲಿ ಗೂಟಕ್ಕೆ ದಾರಿಯಿಲ್ಲ.

ಲೆಕ್ಕ ಹಾಕೋಣ. 60 ಅಡಿ ಅಡ್ಡಳತೆಯ ದುಂಡು ಡೇರೆಯ ಸುತ್ತಳತೆ 188 ಅಡಿ. ಎಂಟು ಅಡಿಗೊಂದು ಬದಿಗಂಬ ಅಂದರೆ 24 ಕಂಬ, ಕಂಬಕ್ಕೊಂದರಂತೆ 24 ಗೂಟ, ನಡುಗಂಬದ ನಾಲ್ಕು ಹಗ್ಗಕ್ಕೆ ಜೋಡಿ ಗೂಟ ಎಂಟು. ಗೂಟ ನಾಲ್ಕು ಅಡಿ ಉದ್ದದ ಕಬ್ಬಿಣದ್ದು. ಅದನ್ನು ನೆಟ್ಟಗೆ ಹೊಡೆಯಬಾರದು. ತಲೆ ಡೇರೆಯಿಂದ ಆಚೆಗೆ ವಾಲಿರಬೇಕು. ಮೂರು ಅಡಿ ಮಣ್ಣಿನೊಳಗೆ ಹೋಗಬೇಕು, ಹಗ್ಗವನ್ನು ಮಣ್ಣಿಗೆ ತಾಗಿದಂತೆ ಬುಡದಲ್ಲೇ ಕಟ್ಟಬೇಕು. ಹೊಸ ಹುಡುಗರು ಮಾಡುವ ತಪ್ಪೇ ಇದು: ಬಗ್ಗುವ ಸೋಮಾರಿತನಕ್ಕೆ ಗೂಟದ ತಲೆಯಲ್ಲಿ ಕಟ್ಟುವುದು. ಹಾಗೆ ಕಟ್ಟಿದರೆ ಹಗ್ಗ ಗೂಟವನ್ನು ಸನ್ನೆಕೋಲಿನ ಹಾಗೆ ಮೀಟುತ್ತದೆ. ಒಂದು ರಾತ್ರಿಯ ಗಾಳಿಗೆ ಬುಡದ ಮಣ್ಣು ಬಾಯಿ ಬಿಡುತ್ತದೆ.

ಗದ್ದೆಯ ಮೇಲ್ಮಣ್ಣು ಒಣಗಿದ್ದರೂ ಒಂದೂವರೆ ಅಡಿಯ ಕೆಳಗೆ ಮೆತ್ತಗೆ, ಕೆಲವೊಮ್ಮೆ ಪಸೆಯೂ ಇರುತ್ತದೆ. ಅಲ್ಲಿ ಒಂಟಿ ಗೂಟವನ್ನು ನಂಬಬಾರದು. ಮೂರು ಅಡಿ ಹಿಂದೆ ಇನ್ನೊಂದು ಹೊಡೆದು, ಮುಂದಿನದರ ತಲೆಯಿಂದ ಹಿಂದಿನದರ ಬುಡಕ್ಕೆ ಹಗ್ಗ ಬಿಗಿಯಬೇಕು. ಮುಂದಿನದು ಬಗ್ಗುವ ಮೊದಲು ಹಿಂದಿನದು ತಡೆಯುತ್ತದೆ. ಅದೂ ಸಾಲದ ಕಡೆ ಮೂರು ಅಡಿ ಹೊಂಡ ತೋಡಿ, ನಾಲ್ಕು ಅಡಿಯ ತೆಂಗಿನ ತುಂಡಿನ ನಡುವಿಗೆ ಹಗ್ಗ ಸುತ್ತಿ, ಅಡ್ಡ ಮಲಗಿಸಿ ಮಣ್ಣು ಮುಚ್ಚಿ ತುಳಿಯುವುದು. ಇದಕ್ಕಿಂತ ಗಟ್ಟಿಯಾದದ್ದು ಗದ್ದೆಯಲ್ಲಿ ಬೇರೆ ಇಲ್ಲ. ಕಷ್ಟವೆಂದರೆ ಹೊರಡುವ ದಿನ ಅದನ್ನು ಅಗೆದು ತೆಗೆಯಬೇಕು, ಆ ದಿನ ಯಾರಿಗೂ ಅಗೆಯುವ ಮನಸ್ಸಿರುವುದಿಲ್ಲ.

ಪದವಿನಲ್ಲಿ ಸುತ್ತಿಗೆ ಎತ್ತಿದರೆ ಗೂಟವೇ ಬಾಗುತ್ತದೆ. ಮೊದಲು ಹಾರೆಯಿಂದ ತೂತು ಕೊರೆಯಬೇಕು. ಹಿಂದಿನ ರಾತ್ರಿ ನೀರು ನಿಲ್ಲಿಸಿದರೆ ಕೆಲಸ ಸ್ವಲ್ಪ ಹಗುರ, ಮುರಕಲ್ಲು ಒದ್ದೆಯಿದ್ದಾಗ ಮೆದು ಅಂತ ಕಲ್ಲು ಕಡಿಯುವವರಿಗೆ ಗೊತ್ತು. ಆದರೆ ಜೇಡಿಮಣ್ಣು ಗೂಟವನ್ನು ಸುತ್ತಲಿಂದ ಅಪ್ಪಿಕೊಳ್ಳುವ ಹಾಗೆ ಕಲ್ಲು ಅಪ್ಪುವುದಿಲ್ಲ. ತೂತು ಅರ್ಧ ಇಂಚು ದೊಡ್ಡದಾದರೂ ಗೂಟ ಅಲ್ಲಾಡುತ್ತದೆ. ಕಲ್ಲಿನ ಚಕ್ಕೆ ತುರುಕಿ ಬಿಗಿಮಾಡಬೇಕು, ದಿನಕ್ಕೆ ಎರಡು ಸಲ ಕೈಯಿಟ್ಟು ಅಲ್ಲಾಡಿಸಿ ನೋಡಬೇಕು. ಹೀಗೆ ಗೂಟ ನೋಡುತ್ತ ಡೇರೆ ಸುತ್ತುವ ಕೆಲಸ ಸಾಮಾನ್ಯವಾಗಿ ಊರ ಹುಡುಗರಿಗೇ ಬೀಳುತ್ತಿತ್ತು.

ನಡುಗಂಬ ಎತ್ತುವುದು ಹುಡುಗರಿಗೆ ದೂರದಿಂದ ನೋಡುವ ಕೆಲಸ. ದೂರ ಅಂದರೆ ಎಷ್ಟು? ಕಂಬದ ಉದ್ದದ ಒಂದೂವರೆ ಪಾಲು. 30 ಅಡಿಯ ಕಂಬಕ್ಕೆ 45 ಅಡಿ, ನಮ್ಮ ಲೆಕ್ಕದಲ್ಲಿ 30 ಮೊಳ. ಗಾಳಿಮರದ ಅಂಥ ಕಂಬ ಒಂದೂವರೆ ಕ್ವಿಂಟಾಲಿಗಿಂತ ಕಡಿಮೆ ತೂಗುವುದಿಲ್ಲ. ಬುಡ ಜಾರದಂತೆ ಎರಡು ಗೂಟದ ತಡೆ, ತುದಿಯಿಂದ ನಾಲ್ಕು ದಿಕ್ಕಿಗೆ ನಾಲ್ಕು ಹಗ್ಗ. ತುದಿಯನ್ನು ಹೆಗಲಿನ ಎತ್ತರಕ್ಕೆ ಎತ್ತಿ, ಅಡ್ಡಡ್ಡ ಕಟ್ಟಿದ ಎರಡು ಬಿದಿರಿನ ಕತ್ತರಿಗೆ ಕೊಟ್ಟು, ಆಮೇಲೆ ಕಪ್ಪಿಯ ಹಗ್ಗ ಎಳೆಯುವುದು. ಕಂಬ ನೆಲದ ಹತ್ತಿರ ಮಲಗಿದ್ದಾಗಲೇ ಎಳೆತ ಅತಿ ಹೆಚ್ಚು. ಏಳುತ್ತ ಏಳುತ್ತ ಹಗುರವಾಗುತ್ತದೆ, ಆ ಹಗುರದಲ್ಲೇ ಮೋಸ. ಮುಕ್ಕಾಲು ಎದ್ದ ಮೇಲೆ ಎಳೆಯುವವರು ಉಮೇದಿನಲ್ಲಿ ಜಗ್ಗುತ್ತಾರೆ, ಕಂಬ ನೆಟ್ಟಗಾದದ್ದು ಆಚೆ ಬದಿಗೆ ವಾಲುತ್ತದೆ. ಅದಕ್ಕಾಗಿ ಹಿಂದಿನ ಹಗ್ಗಕ್ಕೆ ತಂಡದಲ್ಲಿ ಅತ್ಯಂತ ನಿಧಾನಿಯಾದವನನ್ನು ನಿಲ್ಲಿಸುತ್ತಾರೆ, ಅವನು ಹಗ್ಗವನ್ನು ಗೂಟಕ್ಕೆ ಎರಡು ಸುತ್ತು ಸುತ್ತಿ ಸ್ವಲ್ಪಸ್ವಲ್ಪವೇ ಬಿಡುತ್ತಾನೆ. ಗದ್ದೆಯಾದರೆ ಕಂಬದ ಬುಡಕ್ಕೆ ಎರಡು ಅಡಿ ಚೌಕದ ಹಲಗೆ ಕೊಡಲೇಬೇಕು. ಕೊಡದಿದ್ದರೆ ಮೊದಲ ಮಳೆಗೆ ಕಂಬ ನಾಲ್ಕು ಇಂಚು ಇಳಿದು, ಇಡೀ ಡೇರೆಯ ಹಗ್ಗಗಳು ಒಟ್ಟಿಗೆ ಸಡಿಲವಾಗುತ್ತವೆ.

ಹಗ್ಗದ ವಿಷಯಕ್ಕೆ ಬಂದರೆ, ನಾರಿನ ಹಗ್ಗ ಒದ್ದೆಯಾದರೆ ಉಬ್ಬಿ ಗಿಡ್ಡವಾಗುತ್ತದೆ. ಸಂಜೆ ಬಿಗಿಯಾಗಿ ಕಟ್ಟಿದ್ದು ಮಂಜು ಬಿದ್ದ ಬೆಳಗಿನ ಜಾವಕ್ಕೆ ತಂತಿಯಂತೆ ಬಿಗಿದು, ಗೂಟ ಕೀಳುತ್ತದೆ ಅಥವಾ ಬಟ್ಟೆ ಹರಿಯುತ್ತದೆ. ಆಟ ಮುಗಿದ ಮೇಲೆ ಎಲ್ಲಾ ಹಗ್ಗವನ್ನೂ ಒಂದು ಗೇಣು ಸಡಿಲಿಸಿ, ಬಿಸಿಲೇರಿದ ಮೇಲೆ ಮತ್ತೆ ಬಿಗಿಯಬೇಕು. ನೈಲಾನ್ ಬಂದ ಮೇಲೆ ಈ ಲೆಕ್ಕ ತಲೆಕೆಳಗಾಯಿತು: ಅದು ಒದ್ದೆಯಾದರೆ ಹಿಗ್ಗಿ ಸಡಿಲವಾಗುತ್ತದೆ. ಅರ್ಧ ನಾರು, ಅರ್ಧ ನೈಲಾನ್ ಕಟ್ಟಿದ ಡೇರೆ ಮಳೆ ಬಂದಾಗ ಒಂದು ಬದಿಗೆ ವಾಲಿಕೊಂಡರೆ ಅದು ಕಂಬದ ದೋಷವಲ್ಲ. ಗಂಟಿನಲ್ಲಿ ಮಾತ್ರ ನಮ್ಮ ಹುಡುಗರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಎಷ್ಟು ಎಳೆದರೂ ಜಾರದೆ, ಬಾಲ ಹಿಡಿದು ಒಮ್ಮೆ ಎಳೆದರೆ ಬಿಚ್ಚಿಕೊಳ್ಳುವ ಗಂಟು ಹಟ್ಟಿಯಲ್ಲಿ ದನ ಕಟ್ಟುವವರಿಗೆಲ್ಲ ಗೊತ್ತು. ಸರ್ಕಸ್ಸಿಗೂ ಅದೇ ಬೇಕು.

ಬಟ್ಟೆ ಹತ್ತಿಯದಾದರೆ ಮಳೆ ಬಂದಾಗ ಎಳೆ ಉಬ್ಬಿ ಸಂದು ಮುಚ್ಚಿಕೊಳ್ಳುತ್ತದೆ. ಒಳಗಿನಿಂದ ಬೆರಳು ಮುಟ್ಟಿಸಿದಲ್ಲಿ ಮಾತ್ರ ತೊಟ್ಟಿಕ್ಕುತ್ತದೆ. ಒದ್ದೆ ಬಟ್ಟೆಯನ್ನು ಮಡಚಿಟ್ಟರೆ ಬೂಸುರು ಹಿಡಿಯುತ್ತದೆ. ಮುಂದಿನ ಊರಿನಲ್ಲಿ ಬಿಚ್ಚಿದಾಗ ಮಡಿಕೆಯುದ್ದಕ್ಕೂ ಕಪ್ಪು ಗೆರೆ, ಅದೇ ಗೆರೆಯಲ್ಲಿ ಮುಂದೆ ಹರಿತ.

ಗಾಳಿಯನ್ನು ಮರೆತು ಬಾಗಿಲು ಇಡುವವರಿಗೆ ಕರಾವಳಿ ಪಾಠ ಕಲಿಸುತ್ತದೆ. ಮಧ್ಯಾಹ್ನದ ಮೇಲೆ ಕಡಲಗಾಳಿ ಪಡುವಣದಿಂದ. ಬಾಗಿಲು ಪಡುವಣಕ್ಕಿದ್ದರೆ ಗಾಳಿ ಒಳಹೊಕ್ಕು ಡೇರೆಯನ್ನು ಕೆಳಗಿನಿಂದ ಎತ್ತುತ್ತದೆ. ಅದಕ್ಕೆ ಮೂಡು ಬಾಗಿಲು. ಏಪ್ರಿಲ್ ಕೊನೆಯಿಂದ ಸಂಜೆಯ ಗುಡುಗುಮಳೆ ಘಟ್ಟದ ಕಡೆಯಿಂದ ಬರುತ್ತದೆ, ಆಗ ಅದೇ ಮೂಡು ಬಾಗಿಲನ್ನು ಮೊದಲು ಕಟ್ಟಬೇಕು. ಗಂಟೆಗೆ 60 ಕಿಲೋಮೀಟರಿನ ಗಾಳಿ ಒಂದು ಚದರ ಮೀಟರಿನ ಮೇಲೆ ಸುಮಾರು 17 ಕಿಲೋ ಒತ್ತುತ್ತದೆ. 60 ಅಡಿ ಅಗಲ, 8 ಅಡಿ ಎತ್ತರದ ಬದಿಯ ಮೇಲೆ ಅದು ಮುಕ್ಕಾಲು ಟನ್ನಾಯಿತು. ಗಾಳಿಯ ವೇಗ ಇಮ್ಮಡಿಯಾದರೆ ಒತ್ತಡ ನಾಲ್ಕುಪಟ್ಟು. ತಿಳಿದ ಯಜಮಾನರು ಬದಿಯ ಪರದೆಯನ್ನು ಬಿಚ್ಚಿ ಗಾಳಿಯನ್ನು ಹಾಯಲು ಬಿಡುತ್ತಿದ್ದರು. ಟಿಕೆಟಿಲ್ಲದವರು ಒಳಗೆ ನುಗ್ಗುತ್ತಾರೆಂಬ ಭಯಕ್ಕೆ ಪರದೆ ಬಿಚ್ಚದವರೂ ಇದ್ದರು.

ಗ್ಯಾಲರಿಗೆ ನಮ್ಮಲ್ಲಿ ಅಡಿಕೆ ಮರ ಧಾರಾಳ. ಒಬ್ಬರಿಗೆ ಒಂದು ಮೊಳ ಅಂತ ಲೆಕ್ಕ ಹಿಡಿದರೆ 20 ಅಡಿಯ ಸಾಲಿನಲ್ಲಿ 13 ಜನ; ತಲಾ 60 ಕಿಲೋ ಅಂದರೂ ಸಾಲಿಗೆ ಎಂಟು ಕ್ವಿಂಟಾಲಿನ ಹತ್ತಿರ. ಅಡಿಕೆ ಮರದ ಹೊರಗೆ ಗಟ್ಟಿ, ಒಳಗೆ ಮೆದು. ಮೊಳೆ ಹೊಡೆದರೆ ಉದ್ದಕ್ಕೆ ಸೀಳುತ್ತದೆ, ಇಲ್ಲವೇ ಎರಡು ದಿನದಲ್ಲಿ ಸಡಿಲವಾಗುತ್ತದೆ. ಹಗ್ಗದಲ್ಲಿ ಕಟ್ಟುವುದೇ ಸರಿ. ಗ್ಯಾಲರಿ ಕುಸಿಯುವುದು ಭಾರಕ್ಕಿಂತಲೂ ಹೆಚ್ಚಾಗಿ ತೂಗಾಟಕ್ಕೆ. ಜೋಕರ್ ಬಿದ್ದಾಗ ಜನ ನಕ್ಕು ಒಟ್ಟಿಗೆ ಹಿಂದೆಮುಂದೆ ಆಡುತ್ತಾರಲ್ಲ, ಆಗ ಓರೆಗೆ ಕಟ್ಟಿದ ಮರ ಇಲ್ಲದಿದ್ದರೆ ಇಡೀ ಚೌಕಟ್ಟು ಪಕ್ಕಕ್ಕೆ ಮಲಗುತ್ತದೆ. ಪ್ರತಿ ಬದಿಗೆ ಎರಡು ಓರೆಮರ ಬೇಕು. ಉಳಿತಾಯ ಮಾಡುವವರು ಮೊದಲು ಬಿಡುವುದೂ ಅದನ್ನೇ, ಯಾಕೆಂದರೆ ಅದರ ಮೇಲೆ ಯಾರೂ ಕೂರುವುದಿಲ್ಲ.

ಇನ್ನು ರಿಂಗು. ಪ್ರಪಂಚದಾದ್ಯಂತ ಸರ್ಕಸ್ ರಿಂಗಿನ ಅಡ್ಡಳತೆ 42 ಅಡಿ. ಲಂಡನ್ನಿನ ಫಿಲಿಪ್ ಆಸ್ಟ್ಲಿ ಹದಿನೆಂಟನೆಯ ಶತಮಾನದಲ್ಲಿ ಕುದುರೆಯ ಬೆನ್ನಿನ ಮೇಲೆ ನಿಂತು ಸುತ್ತುವುದಕ್ಕೆ ಒಪ್ಪುವ ಅಳತೆಯಾಗಿ ಇದನ್ನು ಕಂಡುಕೊಂಡ. ಕುದುರೆಯೇ ಇಲ್ಲದ ಸಣ್ಣ ಸರ್ಕಸ್ಸಿಗೆ 30 ಅಡಿ ಸಾಕು. ನಡುವೆ ಗೂಟ, ಹತ್ತು ಮೊಳದ ಹಗ್ಗ, ತುದಿಗೆ ಕಡ್ಡಿ, ಒಂದು ಸುತ್ತು, ಗೆರೆ ಸಿದ್ಧ. ಎರಡು ಇಂಚು ದಪ್ಪಕ್ಕೆ ಮರದ ಹುಡಿ ಹಾಸಲು 118 ಘನ ಅಡಿ ಬೇಕು, ಅಂದರೆ ನಮ್ಮ ಗೋಣಿಯಲ್ಲಿ ಮೂವತ್ತಕ್ಕೂ ಮೇಲೆ. ಮರದ ಮಿಲ್ಲಿನಿಂದ ಹೊತ್ತು ತರುವುದು ಹುಡುಗರ ಕೆಲಸ. ಹುಡಿಯನ್ನು ಜರಡಿ ಹಿಡಿಯದೆ ಹಾಸಬಾರದು, ಅದರಲ್ಲಿ ಮೊಳೆ, ಸಿಗುರು ಇರುತ್ತವೆ, ಆಡುವವರದು ಬರಿಗಾಲು. ಆಟಕ್ಕೆ ಒಂದು ಗಂಟೆ ಮೊದಲು ನೀರು ಚಿಮುಕಿಸಬೇಕು. ಹೆಚ್ಚಾದರೆ ಉಂಡೆಗಟ್ಟಿ ಜಾರುತ್ತದೆ, ಕಡಿಮೆಯಾದರೆ ಹುಡಿ ಎದ್ದು ಮುಂದಿನ ಸಾಲಿನವರಿಗೆ ಕೆಮ್ಮು.

ಸೈಕಲ್ ಸರ್ಕಸ್ಸಿಗೆ ಮರದ ಹುಡಿ ಶತ್ರು. ಅವರಿಗೆ ಬೇಕಾದ್ದು ಅಡಿಕೆ ಅಂಗಳದಂಥ ನೆಲ. ಮಳೆಗಾಲ ಕಳೆದು ಅಂಗಳ ಮಾಡುವ ಹಾಗೆಯೇ: ಕೂಳೆ ಕೆತ್ತಿ, ನೀರು ಹಾಕಿ, ಹದ ಬಂದ ಮೇಲೆ ಬಡಿದು, ಸೆಗಣಿ ಸಾರಿಸಿ ಒಣಗಿಸುವುದು. ಇದರಲ್ಲಿ ನಮ್ಮೂರಿನ ಹುಡುಗರು ಆಡುವವರಿಗೇ ಗುರುಗಳು. ಅವರ ಸೈಕಲ್ಲನ್ನೂ ನೋಡಬೇಕು. ಮಡ್‌ಗಾರ್ಡು, ಬ್ರೇಕು, ಕ್ಯಾರಿಯರ್ ಇಲ್ಲ. ಹಿಂದಿನ ಚಕ್ರದ ಫ್ರೀವೀಲ್ ಬಿಚ್ಚಿ ಹಲ್ಲಿನ ಗಾಲಿಯನ್ನು ನೇರ ಚಕ್ರಕ್ಕೇ ಬಿಗಿದಿರುತ್ತಾರೆ. ಪೆಡಲು ಹಿಂದಕ್ಕೆ ತುಳಿದರೆ ಸೈಕಲ್ಲೂ ಹಿಂದಕ್ಕೆ. ನಿಂತಲ್ಲೇ ನಿಲ್ಲಿಸುವುದು, ಹಿಂದಿನ ಒಂದೇ ಚಕ್ರದಲ್ಲಿ ನಡೆಸುವುದು ಇವೆಲ್ಲ ಇದರ ಮೇಲೆ ನಿಂತಿವೆ. ಮನೆಯ ಸೈಕಲ್ಲಿನಲ್ಲಿ ಅದನ್ನು ಮಾಡಹೋಗಿ ಹಲ್ಲು ಮುರಿದುಕೊಂಡ ಹುಡುಗರಿಗೆ ಗೊತ್ತಿಲ್ಲದೆ ಹೋದದ್ದು ಈ ಒಂದು ಫ್ರೀವೀಲಿನ ಗುಟ್ಟು.

ಏಳು ದಿನ ಸೈಕಲ್ಲಿನಿಂದ ಇಳಿಯದ ಆಟಗಾರ ಅದರ ಮೇಲೆಯೇ ಸ್ನಾನ, ಊಟ, ಕ್ಷೌರ ಮಾಡಿಕೊಳ್ಳುತ್ತಿದ್ದ. ಅವನನ್ನು ಸೋಲಿಸುವುದು ಆಯಾಸಕ್ಕಿಂತ ಮೊದಲು ಕಾಲಿನ ಬಾವು. ಕೆಳಗೆ ಜೋತುಬಿದ್ದ ಕಾಲಿನಲ್ಲಿ ನೀರಿಳಿದು ಮೂರನೆಯ ದಿನಕ್ಕೆ ಪಾದ ಊದುತ್ತದೆ. ಎರಡನೆಯದು ಅಂಗೈ: ಹ್ಯಾಂಡಲಿನ ಮೇಲೆ ಭಾರ ಹಾಕಿಯೇ ಇದ್ದರೆ ನರ ಒತ್ತಿ ಕಿರುಬೆರಳು ಜೋಮು ಹಿಡಿಯುತ್ತದೆ. ಆಮೇಲೆ ಬ್ರೇಕಿಲ್ಲದ ಸೈಕಲ್ಲಿನ ಹಿಡಿತ ತಪ್ಪುತ್ತದೆ.

ಜೀಪನ್ನು ಕೂದಲಿನಿಂದ ಎಳೆಯುವುದು ಕಾಣುವಷ್ಟು ಕಷ್ಟವಲ್ಲ. ಒಂದು ಟನ್ನಿನ ಜೀಪು ಸಮತಟ್ಟಾದ ಡಾಂಬರಿನ ಮೇಲೆ, ಟಯರಿಗೆ ಗಾಳಿ ತುಂಬಿದ್ದರೆ, 15-20 ಕಿಲೋ ಎಳೆತಕ್ಕೆ ಉರುಳುತ್ತದೆ. ಅದೇ ಜೀಪು ಗದ್ದೆಗಿಳಿದರೆ ನೂರು ಕಿಲೋ ಸಾಲದು. ಎದೆಯ ಮೇಲೆ ಕಲ್ಲು ಒಡೆಯುವುದರಲ್ಲೂ ಹೀಗೆಯೇ: ಕಲ್ಲು ಭಾರವಾದಷ್ಟೂ ಸುತ್ತಿಗೆಯ ಪೆಟ್ಟಿಗೆ ಕಡಿಮೆ ಅಲುಗುತ್ತದೆ, ಒಡೆಯುವುದರಲ್ಲೇ ಪೆಟ್ಟಿನ ಬಲ ಕಳೆದುಹೋಗುತ್ತದೆ. ಕನಿಕರಪಟ್ಟು ತೆಳ್ಳಗಿನ ಕಲ್ಲು ತಂದುಕೊಟ್ಟರೆ ಪಕ್ಕೆಲುಬಿಗೆ ಅಪಾಯ.

ನಿಜವಾಗಿ ಹೆದರಬೇಕಾದ್ದು ಮಣ್ಣಿನೊಳಗೆ ಹೂಳುವ ಆಟಕ್ಕೆ. ಆರು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಆಳದ ಹೊಂಡದಲ್ಲಿ ಹಲಗೆ ಮುಚ್ಚಿದ ಜಾಗ 24 ಘನ ಅಡಿ, ಸುಮಾರು 680 ಲೀಟರ್. ಮನುಷ್ಯನ ದೇಹ ಹಿಡಿಯುವ ಜಾಗ ಕಳೆದರೆ 600 ಲೀಟರ್ ಗಾಳಿ. ಸುಮ್ಮನೆ ಮಲಗಿದವನು ನಿಮಿಷಕ್ಕೆ ಐದನೆಯ ಒಂದು ಲೀಟರಿನಷ್ಟು ಇಂಗಾಲದ ಡೈಆಕ್ಸೈಡ್ ಬಿಡುತ್ತಾನೆ. ಎರಡೂವರೆ ಗಂಟೆಗೆ ಅದು ನೂರಕ್ಕೆ ಐದರಷ್ಟಾಗುತ್ತದೆ. ತಲೆನೋವು, ಏದುಸಿರು, ಗಾಬರಿ ಅದಕ್ಕೂ ಮುಂಚೆಯೇ ಶುರು. ಗಾಬರಿಯಾದರೆ ಉಸಿರು ಇಮ್ಮಡಿ, ಉಳಿದ ಹೊತ್ತು ಅರ್ಧ. ಹಾಗಾಗಿ ಒಂದು ಗಂಟೆಯೊಳಗೆ ತೆಗೆಯುವುದು ಆಟ, ಆಚೆಗೆ ಹೋದರೆ ಜೂಜು. ಹಲಗೆಯ ಭಾರದ್ದು ಇನ್ನೊಂದು ಲೆಕ್ಕ. ಒದ್ದೆ ಮಣ್ಣು ಘನ ಅಡಿಗೆ 50 ಕಿಲೋ. ಹನ್ನೆರಡು ಚದರ ಅಡಿಯ ಹಲಗೆಯ ಮೇಲೆ ಒಂದು ಅಡಿ ಮಣ್ಣು ಎಂದರೆ ಆರು ಕ್ವಿಂಟಾಲು. ಅದರ ಮೇಲೆ ಊರ ಹುಡುಗರು ಉತ್ಸಾಹದಿಂದ ಹತ್ತಿ ತುಳಿಯುತ್ತಿದ್ದರು. ಅವರನ್ನು ಓಡಿಸಲು ಕೋಲು ಹಿಡಿದು ಒಬ್ಬ ನಿಂತಿರುತ್ತಿದ್ದ. ಜನ ಅವನನ್ನು ಬೈಯುತ್ತಿದ್ದರು.

ಪೋಸ್ಟರಿನ ಅಂಟಿಗೆ ಒಂದು ಕಿಲೋ ಮೈದಾ, ಎಂಟು ಲೀಟರ್ ನೀರು. ಮೈದಾವನ್ನು ಮೊದಲು ತಣ್ಣೀರಲ್ಲಿ ಕಲಸಿ, ಕುದಿಯುವ ನೀರಿಗೆ ಸುರಿಯುತ್ತ ತಿರುವಬೇಕು. ನೇರ ಹಾಕಿದರೆ ಗಂಟಾಗುತ್ತದೆ. ಹುಳ ಹಿಡಿಯದಿರಲು ಚಿಟಿಕೆ ಮೈಲುತುತ್ತು. ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವ ಊರಿನಲ್ಲಿ ಮೈಲುತುತ್ತಿಗೆ ಬರಗಾಲವೇ? ಕೈಗೆ ಬಂದಷ್ಟು ಹಾಕುತ್ತಿದ್ದರು. ಮೈದಾದ ಆಸೆಗೆ ಗೋಡೆಯ ಪೋಸ್ಟರನ್ನು ದನ ಕಿತ್ತು ತಿನ್ನುತ್ತದೆ, ದನಕ್ಕೆ ಅದು ವಿಷ. ನೋಟೀಸನ್ನು ಕನ್ನಡ, ಮಲಯಾಳ ಎರಡರಲ್ಲೂ ಅಚ್ಚುಹಾಕಿಸಬೇಕಿತ್ತು. ಮೈಕಿನಲ್ಲಿ ತುಳುವೂ ಸೇರುತ್ತಿತ್ತು, ಅಲ್ಲಿಗೆ ಊರ ಹುಡುಗನೇ ಬೇಕು.

ಪ್ರಾಣಿಗಳ ಬಗ್ಗೆ ಎರಡೇ ಮಾತು. ಒಂದು ಆನೆಯಿದ್ದರೆ ದಿನಕ್ಕೆ 150 ಲೀಟರಾದರೂ ನೀರು, ಅಂದರೆ ಹುಡುಗರ ಲೆಕ್ಕದಲ್ಲಿ ಹದಿನೈದು ಕೊಡಪಾನ, ಜೊತೆಗೆ ಹೊರೆಗಟ್ಟಲೆ ಬೈನೆ ಸೊಪ್ಪು, ತೆಂಗಿನ ಮಡಲು. ಕರಡಿ, ಮಂಗ, ಹುಲಿ, ಚಿರತೆ, ಸಿಂಹಗಳನ್ನು ಆಟಕ್ಕೆ ಬಳಸಬಾರದೆಂದು ಕೇಂದ್ರ ಸರಕಾರ 1998ರಲ್ಲಿ ಅಧಿಸೂಚನೆ ಹೊರಡಿಸಿತು. ಸರ್ಕಸ್ಸಿನವರು ಅದನ್ನು ಪ್ರಶ್ನಿಸಿದಾಗ ಕೇರಳ ಹೈಕೋರ್ಟು 2000ದಲ್ಲಿ, ಸುಪ್ರೀಂ ಕೋರ್ಟು 2001ರಲ್ಲಿ ಅಧಿಸೂಚನೆಯನ್ನೇ ಎತ್ತಿಹಿಡಿದವು.

ಮಕ್ಕಳ ವಿಷಯ ಅಷ್ಟು ಬೇಗ ಮುಗಿಸುವಂಥದ್ದಲ್ಲ. ಪಾಸಿಗಾಗಿ ನೀರು ಹೊತ್ತ ಊರ ಹುಡುಗ ರಾತ್ರಿ ಮನೆಗೆ ಹೋಗಿ ಉಣ್ಣುತ್ತಿದ್ದ. ಡೇರೆಯೊಳಗೆ ಅದೇ ವಯಸ್ಸಿನ ಇನ್ನೊಂದು ಮಗು ಇತ್ತು, ಅದಕ್ಕೆ ಹೋಗಲು ಮನೆ ಅಲ್ಲೇ. ಎಲುಬು ಬಲಿಯುವ ಮೊದಲೇ ಮೈ ಬಗ್ಗಿಸಬೇಕೆಂದು ಐದಾರು ವರ್ಷಕ್ಕೇ ಅಭ್ಯಾಸ ಶುರುಮಾಡುತ್ತಿದ್ದರು. ಬೆನ್ನನ್ನು ಹಿಂದಕ್ಕೆ ಬಾಗಿಸುವ ಆಟದಲ್ಲಿ ಸೊಂಟದ ಕೆಳಗಿನ ಮೂಳೆಮಣಿಗಳ ಮೇಲೆ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಒತ್ತಡ ಬಿದ್ದು, ಬೆಳೆಯುವ ಎಲುಬಿನಲ್ಲಿ ಕೂದಲೆಳೆಯ ಬಿರುಕು ಬರುತ್ತದೆ. ಮಗು ಸೊಂಟನೋವು ಎನ್ನುತ್ತದೆ, ಎಣ್ಣೆ ತಿಕ್ಕುತ್ತಾರೆ, ಮರುದಿನ ಮತ್ತೆ ಆಟ. 2011ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟು ಸರ್ಕಸ್ಸಿನಲ್ಲಿ ಮಕ್ಕಳನ್ನು ದುಡಿಸುವುದನ್ನು ನಿಷೇಧಿಸಲು ಸರಕಾರಕ್ಕೆ ಆದೇಶಿಸಿತು. 2016ರಲ್ಲಿ ಬಾಲಕಾರ್ಮಿಕ ಕಾಯಿದೆಗೆ ತಿದ್ದುಪಡಿಯಾದಾಗ, ಸಿನಿಮಾ, ಧಾರಾವಾಹಿಗಳಲ್ಲಿ ಮಕ್ಕಳು ಕಲಾವಿದರಾಗಿರುವುದಕ್ಕೆ ವಿನಾಯಿತಿ ಕೊಟ್ಟು, ಸರ್ಕಸ್ಸನ್ನು ಮಾತ್ರ ಹೆಸರು ಹೇಳಿ ಹೊರಗಿಟ್ಟರು. ಕಲೆ ಸತ್ತುಹೋಯಿತೆಂದು ಇದಕ್ಕಾಗಿ ಅಳುವವರ ಜೊತೆ ನನಗೆ ಒಪ್ಪಿಗೆಯಿಲ್ಲ.

ಬೆಂಕಿಯ ಬಗ್ಗೆ ಹೇಳದೆ ಇರಲಾಗದು. ನೀರಿಳಿಯದಿರಲೆಂದು ಬಟ್ಟೆಗೆ ಮೇಣ ಹಚ್ಚುತ್ತಿದ್ದರು. 1944ರಲ್ಲಿ ಅಮೆರಿಕದ ಹಾರ್ಟ್‌ಫರ್ಡಿನಲ್ಲಿ 160ಕ್ಕೂ ಹೆಚ್ಚು ಜನ ಸತ್ತದ್ದು ಪೆಟ್ರೋಲಿನಲ್ಲಿ ಕರಗಿಸಿದ ಮೇಣ ಬಳಿದ ಡೇರೆಯ ಕೆಳಗೆ. 1981ರ ಫೆಬ್ರವರಿ 7ರಂದು ಬೆಂಗಳೂರಿನ ಸರ್ಕಸ್ ಡೇರೆಗೆ ಬೆಂಕಿ ಬಿದ್ದು 92 ಮಂದಿ ತೀರಿಕೊಂಡರು, ಹೆಚ್ಚಿನವರು ಮಕ್ಕಳು. ಹೆದರಿದ ಜನ ಬಂದ ಬಾಗಿಲಿಗೇ ಓಡುತ್ತಾರೆ, ಹತ್ತಿರದ ಬಾಗಿಲು ಕಣ್ಣಿಗೆ ಬೀಳುವುದಿಲ್ಲ. ಸಣ್ಣ ಡೇರೆಯಲ್ಲಿ ಬದಿಯ ಪರದೆಯೇ ಬಾಗಿಲು: ಕೆಳಗಿನ ಅಂಚನ್ನು ಗೂಟಕ್ಕೆ ಕಟ್ಟದೆ ಬಿಟ್ಟರೆ ಎಲ್ಲಿಂದ ಬೇಕಾದರೂ ನುಸುಳಬಹುದು. ಬೇಲಿ ಬಿಗಿಯಾಗಿದ್ದಷ್ಟೂ ಗಲ್ಲಾಪೆಟ್ಟಿಗೆಗೆ ಒಳ್ಳೆಯದು, ಒಳಗಿರುವವರಿಗೆ ಅಲ್ಲ.

ಡೇರೆ ಬಿಚ್ಚುವುದು ಕಟ್ಟಿದ್ದರ ತಿರುವುಮುರುವು. ಮೊದಲು ಬದಿ ಪರದೆ, ಆಮೇಲೆ ಮಾಡು, ಬದಿಗಂಬ, ಕಟ್ಟಕಡೆಗೆ ನಡುಗಂಬ. ಗೂಟವನ್ನು ಅಲ್ಲಾಡಿಸಿ ಕೀಳಲು ಹೋದರೆ ಸೊಂಟ ಹಿಡಿಯುತ್ತದೆ. ಸರಪಳಿ ಸುತ್ತಿ ಹಾರೆಯಿಂದ ಮೀಟಿದರೆ ಒಬ್ಬನೇ ಸಾಕು. ಆಟಗಾರರು ಲಾರಿ ಹತ್ತಿದ ಮೇಲೆ ಗದ್ದೆಯಲ್ಲಿ ಉಳಿಯುವುದು ಮೂವತ್ತೆರಡು ತೂತು, ಹೂತ ತೆಂಗಿನ ತುಂಡು, ಆಟದಲ್ಲಿ ಒಡೆದ ಟ್ಯೂಬ್‌ಲೈಟಿನ ಚೂರು. ತೂತನ್ನು ಹಾಗೇ ಬಿಟ್ಟರೆ ದನದ ಕಾಲು ಸಿಕ್ಕುತ್ತದೆ. ಹುಡಿಮಣ್ಣು ತುಂಬಿ ನೀರು ಹೊಯ್ದು ಗುದ್ದಬೇಕು. ಟ್ಯೂಬ್‌ಲೈಟಿನ ಗಾಜು ಅಕ್ಕಿ ಕಾಳಿನಷ್ಟು ಸಣ್ಣದಾಗಿ ಸಿಡಿದಿರುತ್ತದೆ, ಜೊತೆಗೆ ಪಾದರಸದ ಅಂಶವಿರುವ ಬಿಳಿ ಹುಡಿ. ಆಡಿದ ಜಾಗದ ಮೇಲ್ಮಣ್ಣನ್ನೇ ಎರಡು ಇಂಚು ಕೆರೆದು ತೆಗೆಯದಿದ್ದರೆ ಅದು ಹೋಗುವುದಿಲ್ಲ. ಅದಕ್ಕೇ ಕೆಲವು ಯಜಮಾನರು ಗದ್ದೆ ಕೊಡುವಾಗ ಬಾಡಿಗೆಯ ಮಾತಿಗಿಂತ ಮೊದಲು ಕೇಳುತ್ತಿದ್ದದ್ದು ಒಂದೇ: ‘ನಿಮ್ಮಲ್ಲಿ ಟ್ಯೂಬ್‌ಲೈಟ್ ಒಡೆಯುವ ಆಟ ಉಂಟೋ?’